ಅಪ್‌ಡೇಟ್: ಮಳೆಗಾಲಕ್ಕೆ ಕೋವಿಯ ಮದ್ದು ಎಷ್ಟು ದಾಸ್ತಾನು ಮಾಡಬೇಕು?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯಾ ಕಡೆಯ ನಮ್ಮ ತೋಟಕ್ಕೆ ಹಂದಿಗಳ ಕಾಟವಿದೆ, ಪರವಾನಗಿಯ ಕೇಪಿನ ಕೋವಿಗೆ (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು) ಮದ್ದು, ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೊಪ್ಪಿ), ಚಿಲ್ಲು (ಸಣ್ಣ ಗುಂಡು) ಎಷ್ಟು ತಂದಿಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

‘ಮೊದಲು ಪರವಾನಗಿ ಪುಸ್ತಕ ತೆರೆದು ನೋಡಿ’ ಎಂದವರ ಮಾತೇ ಕೆಲಸಕ್ಕೆ ಬಂತು. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಅದರಲ್ಲೇ ಇದೆ. ಆ ಮಿತಿಗೂ ಕಡಿಮೆಯೇ ತಂದೆ. ಕರಿಮದ್ದು ತೇವ ಹೀರುತ್ತದೆ. ಜೂನ್‌ನಲ್ಲಿ ಹಪ್ಪಳವೇ ಮೆತ್ತಗಾಗುವ ಊರಿನಲ್ಲಿ ರಾಶಿ ಹಾಕಿ ಏನು ಲಾಭ?

ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಡುವ ಸಲಹೆಯನ್ನು ಕೈಬಿಟ್ಟೆ. ಒಂದು ಕಿಡಿ ಸಾಕು, ಅಟ್ಟವೂ ಇಲ್ಲ, ಮನೆಯೂ ಇಲ್ಲ. ಈಗ ಮದ್ದು ಬಂದ ಡಬ್ಬಿಯಲ್ಲೇ ಇದೆ, ಕೇಪು ಬೇರೆ ಕೋಣೆಯಲ್ಲಿ, ಎರಡಕ್ಕೂ ಬೀಗ.

ತೋಟೆ (ಮದ್ದು, ಗುಂಡು ಒಟ್ಟಿಗೇ ಇರುವ ಕೊಳವೆ) ತುಂಬುವ ಯಂತ್ರ ಕೊಳ್ಳಲು ಹೇಳಿದವರಿಗೆ: 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಸುವ ಯಂತ್ರವೂ ‘ಮದ್ದುಗುಂಡು’ ಎಂಬ ವ್ಯಾಖ್ಯೆಯೊಳಗೇ ಬರುತ್ತದೆ! ಇದು ನನಗೆ ಹೊಸ ವಿಷಯ.

ಅಂದ ಹಾಗೆ, ಕೋವಿ ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ. ಕೇರಳದಲ್ಲಿ 2022ರಿಂದ ಆ ಅನುಮತಿ ಕೊಡುವ ಅಧಿಕಾರ ಪಂಚಾಯತಿ ಅಧ್ಯಕ್ಷರಿಗೂ ಇದೆ. ನನ್ನ ಅರ್ಜಿ ಅಲ್ಲಿದೆ.