ಪಾದ ಎತ್ತಲು ಆಗುತ್ತಿಲ್ಲ, ಜಿಮ್‌ಗೆ ಹೋದರೆ ಸರಿಹೋಗುತ್ತದಾ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಎರಡು ವರ್ಷದಿಂದ ನಡೆಯುವಾಗ ಎಡವುತ್ತಿದ್ದೇನೆ. ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುವುದೇ ಇಲ್ಲ. ಜೀನ್ ಪರೀಕ್ಷೆಯಲ್ಲಿ ಜಿಎನ್‌ಇ ಮಯೋಪತಿ ಅಂತ ಬಂದಿದೆ, ಅಂದರೆ ಸ್ನಾಯುಗಳು ನಿಧಾನವಾಗಿ ಶಕ್ತಿ ಕಳೆದುಕೊಳ್ಳುವ ಆನುವಂಶಿಕ ಕಾಯಿಲೆಯಂತೆ. ಜಿಮ್ ಮಾಡಿ ಕಾಲು ಗಟ್ಟಿ ಮಾಡಿಕೊಳ್ಳಬಹುದಾ? ಪಾದ ಎತ್ತಿ ಹಿಡಿಯಲು ಕಾಲಿಗೆ ಕಟ್ಟುವ ಬ್ರೇಸ್ ಹಾಕಿದರೆ ಆಫೀಸಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಉತ್ತರ (ಫಿಸಿಯೋಥೆರಪಿಸ್ಟ್): ಮೊದಲು ನಿಮ್ಮ ಶೂ ತಿರುಗಿಸಿ ನೋಡಿ. ಬೆರಳಿನ ಕಡೆ ಸೋಲ್ ಸವೆದಿರಬೇಕು, ಅಲ್ವಾ? ಪಾದದ ತುದಿ ನೆಲಕ್ಕೆ ಉಜ್ಜುತ್ತಿದೆ. ಈ ಕಾಯಿಲೆ ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ, ಮುಂಭಾಗದ ಸ್ನಾಯುವಿನಿಂದ ಶುರುವಾಗುತ್ತದೆ. ತೊಡೆಯ ಮುಂದಿನ ಸ್ನಾಯು ಮಾತ್ರ ಬಹಳ ವರ್ಷ ಗಟ್ಟಿಯಾಗಿರುತ್ತದೆ. ಅದಕ್ಕೇ ಕುರ್ಚಿಯಿಂದ ಸಲೀಸಾಗಿ ಏಳುವವರು ಹೊಸ್ತಿಲು ಎಡವುತ್ತಾರೆ. ನೋಡುವವರಿಗೆ ಸೋಮಾರಿತನ ಅನ್ನಿಸುತ್ತದೆ, ಬಿಡಿ.

ಹೋದ ಶಕ್ತಿಯನ್ನು ಭಾರ ಎತ್ತಿ ವಾಪಸ್ ತರಲು ಆಗುವುದಿಲ್ಲ. ಈಜು, ನಿಧಾನದ ಸೈಕಲ್ ಸಾಕು. ಮೈಕೈ ನೋವು ಮರುದಿನವೂ ಉಳಿದರೆ ಜಾಸ್ತಿ ಆಯಿತು ಅಂತ ಲೆಕ್ಕ. ದಿನಾ ಟವೆಲ್ಲನ್ನು ಪಾದಕ್ಕೆ ಸಿಕ್ಕಿಸಿ, ಮೊಣಕಾಲು ಮಡಿಸದೆ, 30 ಸೆಕೆಂಡ್ ನಿಮ್ಮ ಕಡೆ ಎಳೆದು ಹಿಡಿಯಿರಿ. ಮೀನಖಂಡ ಬಿಗಿಯಾದರೆ ಬ್ರೇಸ್ ಕೂಡ ಸರಿಯಾಗಿ ಕೂರುವುದಿಲ್ಲ.

ಬ್ರೇಸ್ ಬಗ್ಗೆ ನನ್ನ ಮಾತು ನೇರ: ಬಿದ್ದು ಮೂಳೆ ಮುರಿದುಕೊಂಡ ಮೇಲೆ ಹಾಕಬೇಡಿ, ಈಗಲೇ ಹಾಕಿ. ತೆಳು ಪ್ಲಾಸ್ಟಿಕ್ಕಿನದು ಪ್ಯಾಂಟಿನೊಳಗೆ ಅಡಗುತ್ತದೆ. ಶೂ ಒಂದು ಸೈಜ್ ದೊಡ್ಡದು ಬೇಕು. ಮೊದಲ ದಿನ ಒಂದೇ ಗಂಟೆ ಹಾಕಿ. ತೆಗೆದು ಅರ್ಧ ಗಂಟೆಯಾದರೂ ಚರ್ಮದ ಕೆಂಪು ಗುರುತು ಹೋಗದಿದ್ದರೆ ಮಾಡಿಕೊಟ್ಟವರ ಹತ್ತಿರ ಸರಿಮಾಡಿಸಿ.

ಪ್ರಶ್ನೆ: ಇನ್ನೊಂದು ವಿಷಯ. ಅಮ್ಮ ಮದುವೆಯಾಗಿದ್ದು ತನ್ನ ಸೋದರಮಾವನನ್ನೇ. ತಂಗಿಗೆ 21, ಗಂಡು ನೋಡುತ್ತಿದ್ದಾರೆ. ಅವಳಿಗೂ ಬರುತ್ತದಾ?

ಉತ್ತರ: ಈ ಕಾಯಿಲೆ ಬರಬೇಕಾದರೆ ದೋಷವಿರುವ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಬರಬೇಕು. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಿಮಗೆ ಬಂತು ಅಂತ ಅವಳಿಗೆ ತಪ್ಪಿತು ಅಂತಲ್ಲ, ಬಂದೇ ಬರುತ್ತದೆ ಅಂತಲೂ ಅಲ್ಲ. ಪರೀಕ್ಷೆ ಮಾಡಿಸಬೇಕಾ ಬೇಡವಾ ಅನ್ನುವುದು ಅವಳ ತೀರ್ಮಾನ. ಅದಕ್ಕೆ ಮೊದಲು ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಬಗ್ಗೆ ತಿಳಿಸಿ ಹೇಳುವ ಸಲಹೆಗಾರರು) ಹತ್ತಿರ ಮಾತಾಡಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗಗಳಿಗೇ ಕ್ಲಿನಿಕ್ ಇದೆ. ಮನೆಯಲ್ಲಿ ಅಮ್ಮನ ಮೇಲೆ ಮಾತ್ರ ಯಾರೂ ರೇಗಬೇಡಿ.

ಪ್ರಶ್ನೆ: ಶೂ ನೋಡಿದೆ ಮೇಡಂ. ಬಲಗಾಲಿನದು ತುದಿಯಲ್ಲಿ ತೂತೇ ಬಿದ್ದಿದೆ.

ಉತ್ತರ: ಬ್ರೇಸ್ ಅಳತೆಗೆ ಹೋಗುವಾಗ ಅದನ್ನೇ ಹಾಕಿಕೊಂಡು ಹೋಗಿ. ಹೊಸದು ಬೇಡ.