ಮುಳುಗುವ ಮನೆಯನ್ನು ಸರ್ಕಾರ ಕೊಳ್ಳುತ್ತದಂತೆ, ಒಪ್ಪಬಹುದಾ?

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮ್ಯಾನ್‌ವಿಲ್‌ನಲ್ಲಿದೆ, 2019ರಲ್ಲಿ ಕೊಂಡದ್ದು. 2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತದ ಮಳೆಗೆ ಬೇಸ್‌ಮೆಂಟ್ ಪೂರ್ತಿ ಮುಳುಗಿ ಮೇಲಿನ ಹಾಲ್‌ನಲ್ಲೂ ಸೊಂಟದವರೆಗೆ ನೀರು ನಿಂತಿತ್ತು. ವಿಮೆ ಹಣ ಬಂತು, ರಿಪೇರಿ ಮಾಡಿಸಿದೆವು, ಆದರೆ ಜೋರು ಮಳೆ ಬಂದರೆ ಈಗಲೂ ನಿದ್ದೆ ಬರುವುದಿಲ್ಲ. ಬೈಔಟ್‌ಗೆ ಆಸಕ್ತಿ ಇದೆಯಾ, ಅಂದರೆ ಮನೆಯನ್ನು ಸರ್ಕಾರಕ್ಕೆ ಮಾರುತ್ತೀರಾ, ಅಂತ ಪತ್ರ ಬಂದಿದೆ. ಬೇಡ ಅಂದರೆ ಬಲವಂತವಾಗಿ ಕಿತ್ತುಕೊಳ್ಳುತ್ತಾರಾ? ಬೆಲೆ ಯಾವ ಲೆಕ್ಕದಲ್ಲಿ? ಇಬ್ಬರೂ ಎಚ್-1ಬಿ ವೀಸಾದಲ್ಲಿದ್ದೇವೆ, ಸಾಲ ಇನ್ನೂ ಬಹಳ ಇದೆ. ಊರಲ್ಲಿರುವ ಅಪ್ಪನ ಅನುಮಾನ ಬೇರೆ: ಸರ್ಕಾರ ಇವತ್ತು ಕೊಂಡು ನಾಳೆ ಬಿಲ್ಡರ್‌ಗೆ ಮಾರಿದರೆ ಏನು ಮಾಡ್ತೀರಿ ಅಂತ.

ಉತ್ತರ (ಗುಂಪಿನ ಇಂಜಿನಿಯರ್, ಪ್ರವಾಹ ಬಯಲು ನಿರ್ವಹಣೆ):

ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇಡೀ ಯೋಜನೆಯ ತಿರುಳು ಅಲ್ಲೇ ಇದೆ. ಬಿಲ್ಡರ್‌ಗೆ ಹೋಗುವುದಿಲ್ಲ. ಫೆಮಾ (ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಹಣದಲ್ಲಿ ಕೊಂಡ ಜಾಗದ ಕ್ರಯಪತ್ರದಲ್ಲೇ ಷರತ್ತು ಬರೆದು ನೋಂದಣಿ ಮಾಡುತ್ತಾರೆ: ಇದು ಶಾಶ್ವತವಾಗಿ ಬಯಲಾಗಿಯೇ ಇರಬೇಕು. ಮುಂದೆ ಮಾಲೀಕತ್ವ ಇನ್ನೊಂದು ಸರ್ಕಾರಿ ಸಂಸ್ಥೆಗೆ ಹೋದರೂ ಷರತ್ತು ಜೊತೆಗೇ ಹೋಗುತ್ತದೆ. ಕ್ರಯವಾದ 90 ದಿನದೊಳಗೆ ಮನೆ ಕೆಡವಬೇಕು. ಆಮೇಲೆ ಪಾರ್ಕ್ ಮಾಡಬಹುದು, ಜೌಗು ಬೆಳೆಸಬಹುದು, ಬೆಳೆ ತೆಗೆಯಬಹುದು, ದನ ಮೇಯಿಸಬಹುದು, ನಾಲ್ಕೂ ಕಡೆ ತೆರೆದಿರುವ ಒಂದು ಮಂಟಪ ಹಾಕಬಹುದು. ಗೋಡೆ ಇರುವ ಮನೆ, ಅಂಗಡಿ, ಡಾಂಬರು ಹಾಕಿದ ಪಾರ್ಕಿಂಗ್ ಯಾವುದಕ್ಕೂ ಅವಕಾಶ ಇಲ್ಲ. ಪ್ರವಾಹ ತಡೆಯುವ ಒಡ್ಡನ್ನೂ ಕಟ್ಟುವಂತಿಲ್ಲ! ನದಿಗೆ ಹರಡಿಕೊಳ್ಳಲು ಜಾಗ ಕೊಟ್ಟ ಮೇಲೆ ಮತ್ತೆ ಅದನ್ನು ತಡೆದು ಪ್ರಯೋಜನವೇನು? ಜಾಗ ಇಟ್ಟುಕೊಂಡವರು ಮೂರು ವರ್ಷಕ್ಕೊಮ್ಮೆ ಪರಿಶೀಲಿಸಿ, ಷರತ್ತು ಪಾಲನೆಯಾಗುತ್ತಿದೆ ಅಂತ ವರದಿ ಕೊಡಬೇಕು.

ಬಲವಂತ ಇಲ್ಲ. ಒಪ್ಪದಿದ್ದರೆ ಭೂಸ್ವಾಧೀನದ ಅಧಿಕಾರ ಬಳಸುವುದಿಲ್ಲ ಅಂತ ಲಿಖಿತವಾಗಿ ತಿಳಿಸಲೇಬೇಕು, ನೀವೂ ಸ್ವಇಚ್ಛೆಯಿಂದ ಮಾರುತ್ತಿದ್ದೇನೆ ಅಂತ ಸಹಿ ಹಾಕಬೇಕು. ಆಸಕ್ತಿ ಇದೆ ಅಂತ ಈಗ ಬರೆದು ಕೊಟ್ಟರೆ ಏನೂ ಬದ್ಧತೆ ಬರುವುದಿಲ್ಲ. ಆಫರ್ ನೋಡಿ ಬೇಡ ಅನ್ನಬಹುದು. ಹಾಗಾಗಿ ಪತ್ರಕ್ಕೆ ಉತ್ತರ ಕೊಡಿ, ಸುಮ್ನೆ ಪಕ್ಕಕ್ಕಿಡಬೇಡಿ.

ಈಗ ಬೆಲೆ. ಇಲ್ಲಿ ನಿಮ್ಮ ವೀಸಾ ವಿಷಯ ಬರುತ್ತದೆ, ನಮ್ಮವರಲ್ಲಿ ತುಂಬಾ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಪ್ರವಾಹಕ್ಕೆ ಮುಂಚಿನ ಮಾರುಕಟ್ಟೆ ಬೆಲೆ ಸಿಗಬೇಕಾದರೆ ಎರಡು ಷರತ್ತು. ಪ್ರವಾಹ ಬಂದಾಗ ಮನೆ ನಿಮ್ಮ ಹೆಸರಲ್ಲೇ ಇರಬೇಕು, ಅದು ಸರಿಯಿದೆ. ಇನ್ನೊಂದು, ನೀವು ಅಮೆರಿಕದ ನಾಗರಿಕರಾಗಿರಬೇಕು ಅಥವಾ ಗ್ರೀನ್ ಕಾರ್ಡ್‌ನಂಥ ಸ್ಥಾನಮಾನ ಇರಬೇಕು. ಎಚ್-1ಬಿ ಆ ಪಟ್ಟಿಯಲ್ಲಿ ಇಲ್ಲ. ಹಾಗಂತ ನಿಮ್ಮಿಂದ ಕೊಳ್ಳುವುದೇ ಇಲ್ಲ ಅಂತಲ್ಲ, ಈಗಿನ ಮಾರುಕಟ್ಟೆ ಬೆಲೆ ಕೊಡುತ್ತಾರೆ. ಹಾಳಾದ ಸ್ಥಿತಿಯಲ್ಲೇ ಇರುವ ಮನೆಗೆ ಇದರಿಂದ ದೊಡ್ಡ ಹೊಡೆತ. ನೀವು ರಿಪೇರಿ ಮಾಡಿಸಿರುವುದರಿಂದ ವ್ಯತ್ಯಾಸ ಅಷ್ಟಿರಲಾರದು. ತೆರಿಗೆ ಕಟ್ಟುವಾಗ, ವಿಮೆ ಕಂತು ಕಟ್ಟುವಾಗ ವೀಸಾ ಯಾವುದು ಅಂತ ಯಾರೂ ಕೇಳಲಿಲ್ಲ, ಅದಕ್ಕೇ ಈ ನಿಯಮ ನನಗೆ ನ್ಯಾಯ ಅನಿಸುವುದಿಲ್ಲ. ಆದರೆ ಇದು ಫೆಮಾ ಹಣಕ್ಕೆ ಅಂಟಿಕೊಂಡ ನಿಯಮ. ನ್ಯೂಜೆರ್ಸಿಯಲ್ಲಿ ಬ್ಲೂ ಏಕರ್ಸ್ ಅಂತ ರಾಜ್ಯದ್ದೇ ಕಾರ್ಯಕ್ರಮ 1995ರಿಂದ ಇದೆ, ಅದಕ್ಕೆ ರಾಜ್ಯದ ಹಣವೂ ಬರುತ್ತದೆ. ನಿಮ್ಮ ಮನೆಗೆ ಯಾವ ಖಾತೆಯ ಹಣ, ಅದಕ್ಕೆ ವೀಸಾ ನಿಯಮ ಅನ್ವಯಿಸುತ್ತಾ ಅಂತ ನಿಮ್ಮ ಅರ್ಜಿ ನೋಡಿಕೊಳ್ಳುವ ಕೇಸ್ ಮ್ಯಾನೇಜರ್ ಹತ್ತಿರ ಮೊದಲ ದಿನವೇ ಕೇಳಿ. ಗ್ರೀನ್ ಕಾರ್ಡ್ ಕೈಗೆ ಬರುವ ಹಂತದಲ್ಲಿದ್ದರೆ ಅದನ್ನೂ ಹೇಳಿ.

ಆಮೇಲೆ ಕಡಿತ. ಒಂದೇ ನಷ್ಟಕ್ಕೆ ಎರಡು ಸಲ ಸರ್ಕಾರಿ ಹಣ ಕೊಡುವಂತಿಲ್ಲ, ಅದಕ್ಕೆ ಕಟ್ಟಡದ ರಿಪೇರಿಗೆ ಅಂತ ನಿಮಗೆ ಬಂದ ಹಣವನ್ನು ಆಫರ್‌ನಿಂದ ಕಳೆಯುತ್ತಾರೆ. ಆದರೆ ಆ ಹಣವನ್ನು ರಿಪೇರಿಗೇ ಖರ್ಚು ಮಾಡಿದ್ದಕ್ಕೆ ರಸೀದಿ ತೋರಿಸಿದರೆ ಅಷ್ಟನ್ನು ಕಳೆಯುವುದಿಲ್ಲ. ಉದಾಹರಣೆಗೆ, ಮನೆ ಬೆಲೆ 4 ಲಕ್ಷ ಡಾಲರ್, ಕಟ್ಟಡಕ್ಕೆ ವಿಮೆ 90 ಸಾವಿರ ಬಂತು, ರಸೀದಿ 70 ಸಾವಿರಕ್ಕೆ ಇದೆ ಅಂದುಕೊಳ್ಳಿ. ಉಳಿದ 20 ಸಾವಿರ ಕಳೆದು 3 ಲಕ್ಷ 80 ಸಾವಿರ. ಸಾಲ 3 ಲಕ್ಷ 10 ಸಾವಿರ ಬಾಕಿ ಇದ್ದರೆ ಅದು ನೇರ ಬ್ಯಾಂಕ್‌ಗೆ ಹೋಗಿ ನಿಮ್ಮ ಕೈಗೆ 70 ಸಾವಿರ. ಹಾಗಾಗಿ ಡ್ರೈವಾಲ್, ಹೀಟರ್, ಎಲೆಕ್ಟ್ರಿಷಿಯನ್ ಬಿಲ್ ಎಲ್ಲ ಇವತ್ತೇ ಹುಡುಕಿ ಒಂದು ಕಡೆ ಇಡಿ. ಸೋಫಾ, ಟಿವಿಗೆ ಬಂದ ವಿಮೆ ಬೇರೆ, ಅದನ್ನು ಕಳೆಯುವುದಿಲ್ಲ. ಬೆಲೆ ಕಡಿಮೆ ಅನಿಸಿದರೆ ನಿಮ್ಮ ಖರ್ಚಿನಲ್ಲಿ ಬೇರೆ ಮೌಲ್ಯಮಾಪನ ಮಾಡಿಸಿ ಮೇಲ್ಮನವಿ ಹಾಕಬಹುದು. ಸಾಲವೇ ಬೆಲೆಗಿಂತ ಜಾಸ್ತಿ ಇದ್ದವರ ಪರವಾಗಿ ಬ್ಲೂ ಏಕರ್ಸ್ ಸಿಬ್ಬಂದಿ ಬ್ಯಾಂಕ್ ಜೊತೆ ಮಾತಾಡಿ ಬಾಕಿ ಮನ್ನಾ ಮಾಡಿಸಿದ್ದೂ ಇದೆ.

ಕ್ರಯ ಮುಗಿಯುವ ತನಕ ಸಾಲದ ಕಂತು, ಪ್ರವಾಹ ವಿಮೆ ಎರಡನ್ನೂ ನಿಲ್ಲಿಸಬೇಡಿ. ಇದು ನಿಧಾನದ ಕೆಲಸ. ಎನ್‌ಆರ್‌ಡಿಸಿ ಅನ್ನುವ ಪರಿಸರ ಸಂಸ್ಥೆ ಫೆಮಾ ದಾಖಲೆಗಳನ್ನು ನೋಡಿ 2019ರಲ್ಲಿ ಹೇಳಿದ್ದು, ಪ್ರವಾಹದಿಂದ ಬೈಔಟ್ ಮುಗಿಯುವ ತನಕ ಸಾಮಾನ್ಯವಾಗಿ ಐದು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ ಅಂತ. ಅಷ್ಟರಲ್ಲಿ ಇನ್ನೊಂದು ಪ್ರವಾಹ ಬರಬಹುದು. ನಿಮ್ಮ ಊರು ರಾರಿಟನ್ ಮತ್ತು ಮಿಲ್‌ಸ್ಟೋನ್ ನದಿ ಸೇರುವ ಜಾಗ. 1999ರಲ್ಲಿ ಫ್ಲಾಯ್ಡ್, 2011ರಲ್ಲಿ ಐರೀನ್, 2021ರಲ್ಲಿ ಐಡಾ, ಮೂರೂ ಸಲ ಅಲ್ಲಿ ಮನೆಗಳು ಮುಳುಗಿವೆ. ಲೆಕ್ಕ ಸರಿ ಬಂದರೆ ನಾನು ಒಪ್ಪಿ ಅಂತಲೇ ಹೇಳುತ್ತೇನೆ. ನೀವೇ ಬೇರೆಯವರಿಗೆ ಮಾರಿದರೆ ನಿಮ್ಮ ನಿದ್ದೆಗೆಟ್ಟ ರಾತ್ರಿಗಳು ಇನ್ನೊಂದು ಕುಟುಂಬಕ್ಕೆ ಹೋಗುತ್ತವೆ, ಅಷ್ಟೇ ಅಲ್ವಾ?

ಪ್ರಶ್ನೆ (ಹ್ಯೂಸ್ಟನ್‌ನ ಸದಸ್ಯರು):

ನಮ್ಮ ಬೀದಿಯಲ್ಲಿ ಕೆಲವರು ಮಾರಿ ಹೋದರು, ಕೆಲವರು ಇಲ್ಲೇ ಇದ್ದಾರೆ. ಎರಡು ಮನೆ, ನಡುವೆ ಖಾಲಿ ಹುಲ್ಲು, ಮತ್ತೊಂದು ಮನೆ. ಮಕ್ಕಳಿಗೆ ಆಡಲು ಜೊತೆ ಇಲ್ಲ. ಇದರಿಂದ ಯಾರಿಗೆ ಲಾಭ?

ಉತ್ತರ:

ನೀವು ಹೇಳಿದ್ದು ಈ ಯೋಜನೆಯ ನಿಜವಾದ ನೋವು. ಒಪ್ಪಿಗೆಯ ಮೇಲೆ ನಡೆಯುವುದರಿಂದ ಹೀಗೆ ಚೂರು ಚೂರಾಗುತ್ತದೆ. ಊರಿಗೆ ತೆರಿಗೆ ಕಡಿಮೆಯಾಗುತ್ತದೆ, ರಸ್ತೆ, ಪೈಪು ಮಾತ್ರ ಉಳಿದ ಮನೆಗಳಿಗಾಗಿ ಪೂರ್ತಿ ನೋಡಿಕೊಳ್ಳಬೇಕು. ಸ್ಯಾಂಡಿ ಚಂಡಮಾರುತದ ನಂತರ ಸ್ಟೇಟನ್ ಐಲೆಂಡ್‌ನ ಓಕ್‌ವುಡ್ ಬೀಚ್‌ನಲ್ಲಿ ಬೇರೆ ಥರ ಆಯಿತು. ಅಲ್ಲಿನವರು ಮೊದಲು ತಾವೇ ಸಭೆ ಸೇರಿ ಒಟ್ಟಾಗಿ ಕೇಳಿದರು, ನ್ಯೂಯಾರ್ಕ್ ರಾಜ್ಯವೂ ಹೆಚ್ಚು ಅಪಾಯದ ಜಾಗದಲ್ಲಿ ಗುಂಪಾಗಿ ಬಂದರೆ 10 ಶೇಕಡಾ ಮತ್ತು ಹತ್ತಿರದಲ್ಲೇ ಮನೆ ಮಾಡಿದರೆ 5 ಶೇಕಡಾ ಜಾಸ್ತಿ ಕೊಟ್ಟಿತು. ಅಕ್ಕಪಕ್ಕದವರ ಜೊತೆ ಮಾತಾಡಿಕೊಂಡು ಒಟ್ಟಿಗೆ ಹೋಗುವುದು ದುಡ್ಡಿಗೂ ಒಳ್ಳೆಯದು, ನದಿಗೂ ಒಳ್ಳೆಯದು.

ಬೇಗ ಮಾಡುವ ಊರೂ ಇದೆ. ಶಾರ್ಲಟ್ ಇರುವ ಮೆಕ್ಲೆನ್‌ಬರ್ಗ್ ಕೌಂಟಿ 1999ರಿಂದ ಮಳೆನೀರಿನ ಶುಲ್ಕದ ಹಣವನ್ನೂ ಇದಕ್ಕೆ ಬಳಸುತ್ತಿದೆ, ಫೆಡರಲ್ ಹಣಕ್ಕೆ ಕಾಯದೆ ಪ್ರವಾಹದ ಬೆನ್ನಿಗೇ ಕೊಳ್ಳಬಲ್ಲದು. ಜನ ರಿಪೇರಿಗೆ ದುಡ್ಡು ಸುರಿಯುವ ಮುಂಚೆಯೇ ಆಫರ್ ಬರಬೇಕು, ಆಗ ಒಪ್ಪುವವರೂ ಜಾಸ್ತಿ. ಓಕ್ಲಹೋಮಾದ ಟಲ್ಸಾದಲ್ಲಿ 1984ರ ಪ್ರವಾಹಕ್ಕೆ 14 ಜನ ಸತ್ತರು. ಆಮೇಲೆ ಅವರು ಪಟ್ಟು ಹಿಡಿದು ಮನೆಗಳನ್ನು ಕೊಳ್ಳುತ್ತಾ ಬಂದರು. ಮಿಂಗೋ ಹಳ್ಳದ ಉದ್ದಕ್ಕೂ ಮಳೆನೀರು ತಡೆಹಿಡಿಯುವ ತಗ್ಗುಗಳಿವೆ, ಒಣಗಿದಾಗ ಅಲ್ಲಿ ಆಟದ ಮೈದಾನ. ನಿಮ್ಮ ಬೀದಿಯ ಹುಲ್ಲಿಗೂ ಇಂಥ ಯೋಜನೆ ಬೇಕು ಅಂತ ಕೌಂಟಿ ಸಭೆಯಲ್ಲಿ ಕೇಳಿ. ಖಾಲಿ ಬಿಟ್ಟರೆ ಸಾಲದು.

ಪ್ರಶ್ನೆ (ಬಾಗಲಕೋಟೆ ಕಡೆಯ ಸದಸ್ಯರು):

2009ರ ಪ್ರವಾಹ ಆದ ಮೇಲೆ ನಮ್ಮೂರಿಗೂ ಆಸರೆ ಮನೆ ಕೊಟ್ಟರಲ್ಲ ಸರ್, ಅದೂ ಇದೇ ಥರ ತಾನೇ? ಆದರೆ ಅರ್ಧ ಊರು ಹಳೇ ಜಾಗದಲ್ಲೇ ಇದೆ, 2019ರಲ್ಲಿ ಮತ್ತೆ ನೀರು ಬಂತು.

ಉತ್ತರ:

ಅಲ್ಲಿ ಹೊಸ ಮನೆ ಕೊಟ್ಟರು, ಇಲ್ಲಿ ಅಮೆರಿಕದಲ್ಲಿ ಹಳೇ ಜಾಗವನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ವ್ಯತ್ಯಾಸ ದೊಡ್ಡದು. ಹೊಲ ನದಿ ಪಕ್ಕ, ಹೊಸ ಮನೆ ಚಿಕ್ಕದು, ದನ ಕಟ್ಟಲು ಜಾಗವಿಲ್ಲ, ಹಳೇ ಮನೆ ಇನ್ನೂ ನಿಂತಿದೆ. ಹೀಗಿದ್ದಾಗ ಜನ ವಾಪಸ್ ಹೋಗುವುದರಲ್ಲಿ ಏನು ತಪ್ಪು? ಹಳೇ ಊರಿನ ಜಾಗಕ್ಕೆ ಸರಿಯಾದ ಬೆಲೆ ಕೊಟ್ಟು, ಅಲ್ಲಿ ಹೊಟ್ಟು ಒಟ್ಟಲು, ದನ ಮೇಯಿಸಲು ಅದೇ ಜನಕ್ಕೆ ಹಕ್ಕು ಉಳಿಸಿದರೆ ಅವರು ಮನೆ ಬಿಡಬಹುದು. ಇಲ್ಲಿನ ನಿಯಮದಲ್ಲೂ ಬಯಲಲ್ಲಿ ಬೇಸಾಯಕ್ಕೆ, ಮೇವಿಗೆ ಅಡ್ಡಿ ಇಲ್ಲ ನೋಡಿ.

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯರು):

ತುಂಬಾ ಧನ್ಯವಾದ ಸರ್, ಅಪ್ಪನಿಗೂ ಓದಿ ಹೇಳಿದೆ. ಇನ್ನೊಂದೇ ಕೇಳಬೇಕಿತ್ತು. ಮೇಲಿನ ಮಹಡಿಯಲ್ಲಿ ಒಂದು ಕುಟುಂಬ ಬಾಡಿಗೆಗಿದೆ, ನಾವು ಒಪ್ಪಿದರೆ ಅವರ ಗತಿ?

ಉತ್ತರ:

ಅವರಿಗೂ ಹಕ್ಕಿದೆ. ನೀವು ಸ್ವಇಚ್ಛೆಯಿಂದ ಮಾರುತ್ತೀರಿ, ಅವರು ಹಾಗಲ್ಲ. ಅದಕ್ಕೇ ಫೆಡರಲ್ ಹಣದ ಬೈಔಟ್‌ನಲ್ಲಿ ಬಾಡಿಗೆದಾರರಿಗೆ ಸ್ಥಳಾಂತರದ ನೆರವು ಕಾನೂನಿನಲ್ಲೇ ಇದೆ: ಸಾಮಾನು ಸಾಗಿಸುವ ಖರ್ಚು, ಹೊಸ ಮನೆ ಬಾಡಿಗೆ ಜಾಸ್ತಿಯಾದರೆ ಸ್ವಲ್ಪ ಕಾಲ ಅದರ ವ್ಯತ್ಯಾಸ. ಅವರನ್ನು ಮುಂಚೆಯೇ ಖಾಲಿ ಮಾಡಿಸಬೇಡಿ, ಆ ನೆರವು ಅವರಿಗೆ ತಪ್ಪಿ ಹೋಗಬಹುದು. ಅರ್ಜಿಯಲ್ಲೇ ಅವರ ಹೆಸರು ಬರೆಸಿ, ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿ.