ಅಪ್ಪ ವೆಂಟಿಲೇಟರಿನಲ್ಲಿದ್ದಾರೆ, ಗಂಟಲಿಗೆ ರಂಧ್ರ ಮಾಡಲು ಸಹಿ ಕೇಳುತ್ತಿದ್ದಾರೆ

ಡೊಂಬಿವಲಿಯ ಮಗಳು:
ಅಪ್ಪನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟಕ್ಕೆ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಹೋಟೆಲಿನ ಒಲೆಯ ಮುಂದೆ ಆಯುಷ್ಯ ಕಳೆದವರು, ಬೀಡಿಯನ್ನೂ ಬಿಟ್ಟವರಲ್ಲ. ಎದೆಯಲ್ಲಿ ಸೋಂಕಾಗಿ ಐಸಿಯು ಸೇರಿದರು. ಮೊದಲು ಒತ್ತಡದಿಂದ ಗಾಳಿ ಊದುವ ಬೈಪ್ಯಾಪ್ ಮಾಸ್ಕ್ ಹಾಕಿದರು. ಮಂಪರು ಕವಿದ ಮೇಲೆ ಬಾಯಿಯಿಂದ ಕೊಳವೆ ಇಳಿಸಿದರು. ಎರಡನೇ ವಾರ ನಡೆಯುತ್ತಿದೆ, ಈಗ ಟ್ರೇಕಿಯಾಸ್ಟಮಿ ಎನ್ನುತ್ತಿದ್ದಾರೆ, ಗಂಟಲಿಗೆ ರಂಧ್ರ ಮಾಡಿ ಅಲ್ಲಿಂದ ಕೊಳವೆ ಹಾಕುವುದಂತೆ. ಕುಂದಾಪುರದಿಂದ ಬಂದ ದೊಡ್ಡಪ್ಪ, "ವೆಂಟಿಲೇಟರ್ ಹತ್ತಿದವರು ಇಳಿದದ್ದುಂಟೇ? ಬಿಲ್ಲಿಗಾಗಿ ಇಟ್ಟುಕೊಂಡಿದ್ದಾರೆ" ಎಂದು ಎಲ್ಲರೆದುರೇ ಹೇಳಿಬಿಟ್ಟರು. ಡಾಕ್ಟರು ಅವಸರದ ಮರಾಠಿಯಲ್ಲಿ ಏನೋ ಹೇಳಿ ಹೋಗುತ್ತಾರೆ. ಅವರನ್ನು ಏನು ಕೇಳಲಿ?

ಪುಣೆಯ ಐಸಿಯು ನರ್ಸ್:
ದೊಡ್ಡಪ್ಪನಿಗೆ ಮೊದಲು ಒಂದು ಚಹಾ ಕುಡಿಸಿ ಮನೆಗೆ ಕಳಿಸಿ. ಇಳಿದವರನ್ನು ನಾನು ವಾರ್ಡಿಗೆ ಕಳಿಸುತ್ತಲೇ ಇರುತ್ತೇನೆ. ಯಂತ್ರ ಸೋಂಕನ್ನು ಗುಣಪಡಿಸುವುದಿಲ್ಲ. ಔಷಧ ಕೆಲಸ ಮಾಡುವವರೆಗೆ ದಣಿದ ಸ್ನಾಯುಗಳ ಭಾರ ಹೊರುತ್ತದೆ. ಹಾಗಾಗಿ ಸೋಂಕು ಇಳಿಯುತ್ತಿದೆಯೇ ಎಂಬುದೇ ಮೊದಲ ಪ್ರಶ್ನೆ. ಆಮೇಲೆ, ಆಕ್ಸಿಜನ್ ಶೇಕಡಾ ಎಷ್ಟು ಕೊಡುತ್ತಿದ್ದೀರಿ? ನಾವು ಉಸಿರಾಡುವ ಗಾಳಿಯಲ್ಲಿರುವುದು 21. ಯಂತ್ರದಲ್ಲಿ 40ರ ಆಸುಪಾಸಿಗೆ ಇಳಿದರೆ ಬಿಡಿಸುವ ಯೋಚನೆ ಶುರುವಾಗುತ್ತದೆ. "ಇವತ್ತು ಎಸ್‌ಬಿಟಿ ಮಾಡಿದಿರಾ?" ಎಂದೂ ಕೇಳಿ. ನಿದ್ದೆಯ ಔಷಧ ತಗ್ಗಿಸಿ, ಯಂತ್ರದ ನೆರವನ್ನು ಕನಿಷ್ಠಕ್ಕೆ ತಂದು, ಅರ್ಧ ಗಂಟೆಯಿಂದ ಎರಡು ಗಂಟೆ ರೋಗಿ ತಾನೇ ಉಸಿರಾಡಬಲ್ಲನೇ ಎಂದು ನೋಡುವ ಪರೀಕ್ಷೆ ಅದು. ಸೋತರೆ ಏಕೆ ಸೋತರು ಎಂದು ಬಿಡದೆ ಕೇಳಿ: ಕಫವೇ, ನಿಶ್ಶಕ್ತಿಯೇ, ಇಂಗಾಲದ ಡೈಆಕ್ಸೈಡ್ ಏರಿತೇ?

ಮಾನಿಟರಿನಲ್ಲಿ ರಕ್ತದ ಆಕ್ಸಿಜನ್ ಮಟ್ಟ ಶೇಕಡಾ 90 ಕಂಡು ನರ್ಸಿನ ಮೇಲೆ ರೇಗಬೇಡಿ. ಸಿಒಪಿಡಿಯವರಿಗೆ ನಾವು ಬೇಕೆಂದೇ 88ರಿಂದ 92ರೊಳಗೆ ಇಡುತ್ತೇವೆ.

ಟ್ರೇಕಿಯಾಸ್ಟಮಿ ಎಂದರೆ ಕೈಚೆಲ್ಲಿದರು ಎಂದಲ್ಲ. ಬಾಯಿಯ ಕೊಳವೆಯ ಹಿಂಸೆ ತಪ್ಪುತ್ತದೆ, ನಿದ್ದೆಯ ಔಷಧ ಕಡಿಮೆ ಸಾಕಾಗುತ್ತದೆ, ಕಫ ತೆಗೆಯುವುದು ಸುಲಭ. ಚೇತರಿಸಿಕೊಂಡರೆ ಕೊಳವೆ ತೆಗೆಯುತ್ತಾರೆ, ರಂಧ್ರ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಮೊದಮೊದಲು ಮಾತು ಬರುವುದಿಲ್ಲ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಕನ್ನಡದಲ್ಲೇ "ನೋವು", "ನೀರು", "ಕಫ", "ಮಗ್ಗುಲು ಬದಲಿಸಿ" ಎಂದು ಬರೆದುಕೊಡಿ. ಕಲಬುರಗಿಯ ಕೂಲಿಯವರೊಬ್ಬರು ನಮ್ಮಲ್ಲಿ ಮಂಚದ ಕಂಬಿ ಬಡಿಯುತ್ತಲೇ ಇದ್ದರು. ಎಲ್ಲರೂ ಗಲಾಟೆ ಎಂದುಕೊಂಡರೆ, ಅವರಿಗೆ ಬೇಕಿದ್ದದ್ದು ಕನ್ನಡಕ.

ವಾಸ್ಕೋದಿಂದ:
ಖರ್ಚಿನ ಮಾತನ್ನು ಯಾರೂ ಎತ್ತಲಿಲ್ಲ. ಮಹಾರಾಷ್ಟ್ರ ಸರ್ಕಾರದ ಆರೋಗ್ಯ ವಿಮೆಯಾದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಗೆ ಆ ಆಸ್ಪತ್ರೆ ಸೇರಿದೆಯೇ ವಿಚಾರಿಸಿ. ಸೇರಿದ್ದರೆ ಅಲ್ಲೇ ಯೋಜನೆಯ ಸಹಾಯಕ ಆರೋಗ್ಯಮಿತ್ರ ಇರುತ್ತಾರೆ. ರೇಷನ್ ಕಾರ್ಡ್ ಒಯ್ಯಿರಿ.

ಡೊಂಬಿವಲಿಯ ಮಗಳು:
ಕೇಳಿದೆ. ಆಕ್ಸಿಜನ್ 35ರಲ್ಲಿದೆಯಂತೆ, ಸೋಂಕು ಇಳಿದಿದೆ, ಕಫ ಹೊರಹಾಕಲು ಬಲವಿಲ್ಲ. ಸಹಿ ಹಾಕಿದೆ. ಆಮೇಲೆ ನಾವು ಮಾಡುವುದೇನಾದರೂ ಇದೆಯೇ?

ಪುಣೆಯ ಐಸಿಯು ನರ್ಸ್:
ಇದೆ. ಫಿಸಿಯೋಥೆರಪಿಯವರು ಅಪ್ಪನನ್ನು ಯಾವತ್ತಿನಿಂದ ಕೂರಿಸುತ್ತಾರೆ ಎಂದು ನಾಳೆಯೇ ಕೇಳಿ.